ಹೊರಡುವ ಮುನ್ನದ ಅಬ್ಬರ

ಕಾರು ಜೋರಾಗಿ ಓಡಲಿ ಎಂದು ದುಡ್ಡು ಸುರಿಯುವವರನ್ನು ಮನೆಯವರು ಹೇಗೋ ಸಹಿಸಿಕೊಳ್ಳುತ್ತಾರೆ. ಆದರೆ ನಿಂತ ಕಾರಿನಲ್ಲಿ ಆಕ್ಸಿಲರೇಟರನ್ನು ತಳಮುಟ್ಟ ತುಳಿಯುವುದಕ್ಕೆ ದುಡ್ಡು ಕೊಡುತ್ತೇನೆ ಎಂದರೆ ಯಾವ ಸಂಸಾರ ತಾನೇ ಒಪ್ಪೀತು? ಲಾಂಚ್ ಕಂಟ್ರೋಲ್ ಎಂದರೆ ಹೆಚ್ಚೂಕಡಿಮೆ ಅದೇ. ಕ್ಲಚ್ ಒತ್ತಿ, ಮೊದಲ ಗೇರ್ ಹಾಕಿ, ಬಲಗಾಲನ್ನು ಪೂರ್ತಿ ಊರಿದರೂ ಎಂಜಿನ್ ನಾವು ಗೊತ್ತುಮಾಡಿಟ್ಟ ಆರ್‌ಪಿಎಂ ದಾಟದೆ ಅಲ್ಲೇ ನಿಲ್ಲಬೇಕು. ಕ್ಲಚ್ ಬಿಟ್ಟ ಕೂಡಲೇ ಆ ಕಟ್ಟು ಕಳಚಿ ಕಾರು ಚಿಮ್ಮಬೇಕು. ಇಷ್ಟನ್ನು ವಿವರಿಸಿದ ಮೇಲೆ ನನ್ನ ಹೆಂಡತಿ ಕೇಳಿದ್ದು ಒಂದೇ ಪ್ರಶ್ನೆ: “ತುಳೀದೇ ಇದ್ರೆ ಅದು ತಾನಾಗೇ ನಿಂತಿರುತ್ತಲ್ಲ, ಅದಕ್ಕೆ ಕಂಪ್ಯೂಟರ್ ಯಾಕ್ರೀ ಬೇಕು?”

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹೇಳಬೇಕಾದರೆ ಟರ್ಬೊದಿಂದ ಶುರುಮಾಡಬೇಕು.

ನನ್ನದು ಫಿಯಟ್ ಲಿನಿಯಾ ಟಿ-ಜೆಟ್. 1.4 ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್, ಅದರ ಪಕ್ಕದಲ್ಲೊಂದು ಟರ್ಬೊ. ಕಾರ್ಖಾನೆಯಿಂದ ಬಂದಾಗ 114 ಪಿಎಸ್ ಶಕ್ತಿ, 207 ಎನ್ಎಂ ಟಾರ್ಕ್. 2010ರಲ್ಲಿ ಅದು ನಮ್ಮಲ್ಲಿ ಮಾರಾಟಕ್ಕೆ ಬಂದಾಗ, ಆ ಬೆಲೆಯ ಸೆಡಾನ್‌ನಲ್ಲಿ ಟರ್ಬೊ ಪೆಟ್ರೋಲ್ ಎಂಬುದೇ ಅಪರೂಪವಾಗಿತ್ತು. ಈಗ ಫಿಯಟ್ ಇಲ್ಲಿ ಕಾರು ಮಾರುವುದನ್ನೇ ನಿಲ್ಲಿಸಿದೆ. ಉಳಿದುಕೊಂಡಿರುವ ನಾವು, ಯಾವ ಊರಿನ ಯಾವ ಅಂಗಡಿಯಲ್ಲಿ ಸಸ್ಪೆನ್ಷನ್ ಬುಷ್ ಸಿಗುತ್ತದೆ ಎಂಬುದನ್ನು ಮದುವೆಮನೆಯ ಪಂಕ್ತಿಯಲ್ಲೂ ವಿಚಾರಿಸಿಕೊಳ್ಳುವ ಜನ. ಇಂಥ ಕಾರಿಗೆ ಮೊದಲು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ರೀಮ್ಯಾಪ್ ಆಯಿತು. ಆಮೇಲೆ ಅಗಲದ ಡೌನ್‌ಪೈಪ್. ಅದಾದ ಮೇಲೆ ದೊಡ್ಡ ಇಂಟರ್‌ಕೂಲರ್. ಒಂದೊಂದಕ್ಕೂ ಮನೆಯಲ್ಲಿ ಒಂದೊಂದು ಕಾರಣ ಹೇಳಿದ್ದೆ. ಲಾಂಚ್ ಕಂಟ್ರೋಲ್ ಹೊತ್ತಿಗೆ ಕಾರಣಗಳ ದಾಸ್ತಾನು ಖಾಲಿಯಾಗಿತ್ತು.

ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯಿಂದಲೇ ಚಕ್ರವೊಂದನ್ನು ತಿರುಗಿಸಿ, ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿಗೇ ತುಂಬುವ ಉಪಾಯಕ್ಕೆ ಸ್ವಿಟ್ಜರ್‌ಲೆಂಡಿನ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದ. ನೂರು ವರ್ಷ ದಾಟಿದರೂ ಅದರ ಮೂಲ ಕಷ್ಟ ಹಾಗೇ ಇದೆ. ಹೊಗೆ ಬರದೆ ಟರ್ಬೊ ತಿರುಗದು, ಟರ್ಬೊ ತಿರುಗದೆ ಹೆಚ್ಚು ಹೊಗೆ ಬಾರದು. ಚಿಕ್ಕ ಟರ್ಬೊ ಪೂರ್ತಿ ಕೆಲಸಕ್ಕಿಳಿದಾಗ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ಹಾಕುತ್ತಿರುತ್ತದೆ. ಕಾರು ಐಡ್ಲಿಂಗ್‌ನಲ್ಲಿದ್ದಾಗ ಅದು ತೂಕಡಿಸುತ್ತಿರುತ್ತದೆ. ಎದ್ದು ಕೆಲಸಕ್ಕೆ ಬರಲು ತೆಗೆದುಕೊಳ್ಳುವ ಹೊತ್ತಿಗೇ ಲ್ಯಾಗ್ ಎನ್ನುವುದು. ಬೆಂಗಳೂರಿನಲ್ಲಿ ಇದು ಇನ್ನೊಂದು ಚೂರು ಜಾಸ್ತಿ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಚೆನ್ನೈಗೆ ಹೋಲಿಸಿದರೆ ಗಾಳಿಯ ಒತ್ತಡ ಹತ್ತಿರ ಹತ್ತಿರ ಹತ್ತನೇ ಒಂದು ಪಾಲು ಕಡಿಮೆ. ಓಡುತ್ತಿರುವ ಟರ್ಬೊ ಇನ್ನಷ್ಟು ಜೋರಾಗಿ ಸುತ್ತಿ ಈ ಕೊರತೆಯನ್ನು ತುಂಬಿಕೊಂಡೀತು. ನಿಂತಲ್ಲಿಂದ ಹೊರಡುವಾಗ ಮಾತ್ರ ಆ ತೆಳುಗಾಳಿಯಲ್ಲೇ ಕೆಲಸ ಆರಂಭವಾಗಬೇಕು.

ಹಾಗಾದರೆ ಕ್ಲಚ್ ಒತ್ತಿಕೊಂಡು ಆಕ್ಸಿಲರೇಟರನ್ನು ಕೊಂಚ ತುಳಿದು, ಮುಳ್ಳನ್ನು 4,000ದಲ್ಲಿ ನಿಲ್ಲಿಸಿಕೊಂಡರೆ ಸಾಲದೇ? ಸಾಲದು. ಯಾವ ಭಾರವೂ ಇಲ್ಲದೆ ಸುಮ್ಮನೆ ತಿರುಗುವ ಎಂಜಿನ್ನಿಗೆ ಬೇಕಾದ ಗಾಳಿ ಬಹಳ ಕಡಿಮೆ. ಥ್ರಾಟಲ್ ತಟ್ಟೆ ಒಂದಿಷ್ಟೇ ತೆರೆದಿರುತ್ತದೆ. ಸದ್ದಾಗುತ್ತದೆ, ಮುಳ್ಳು ಏರುತ್ತದೆ, ಟರ್ಬೊ ತುಂಬುವ ಗಾಳಿಯ ಒತ್ತಡ ತೋರಿಸುವ ಬೂಸ್ಟ್ ಗೇಜ್ ಮಾತ್ರ ಸೊನ್ನೆಯ ಕೆಳಗೇ ಬಿದ್ದಿರುತ್ತದೆ. ಟರ್ಬೊಗೆ ಬೇಕಾದದ್ದು ಆರ್‌ಪಿಎಂ ಅಲ್ಲ, ಹೊಗೆಯ ಪ್ರವಾಹ. ಅದಕ್ಕೇ ತಟ್ಟೆಯನ್ನು ಪೂರ್ತಿ ತೆರೆದು, ಎಂಜಿನ್ ಮಿತಿಮೀರಿ ಓಡದಂತೆ ಬೇರೆ ದಾರಿಯಿಂದ ಹಿಡಿಯಬೇಕು. ಮನುಷ್ಯರ ಕಾಲಿಗೆ ಒಂದೇ ಸಲ ಎರಡನ್ನೂ ಮಾಡುವ ಶಕ್ತಿಯಿಲ್ಲ. ಹೆಂಡತಿಗೆ ಇದನ್ನು ಹೇಳಿದಾಗ ಅವಳು “ಓಹೋ” ಎಂದಳು. ಆ ಓಹೋದಲ್ಲಿ ತಿಳಿದದ್ದೆಷ್ಟು, ಸಾಕುಮಾಡಿ ಎಂದದ್ದೆಷ್ಟು ಎಂದು ಬಗೆಹರಿಸಲು ನಾನು ಹೋಗಲಿಲ್ಲ.

ಹಿಡಿಯುವ ದಾರಿ ಮೂರು. ಮೊದಲನೆಯದು ಸ್ಪಾರ್ಕ್ ತಪ್ಪಿಸುವುದು. ಪೆಟ್ರೋಲ್ ಒಳಗೆ ಹೋಗುತ್ತದೆ, ಆದರೆ ಪ್ಲಗ್ ಕಿಡಿ ಹಾರಿಸುವುದಿಲ್ಲ. ಉರಿಯದ ಪೆಟ್ರೋಲ್ ಬಿಸಿ ಎಕ್ಸಾಸ್ಟಿಗೆ ಬಂದು ಅಲ್ಲಿ ಹೊತ್ತಿಕೊಳ್ಳುತ್ತದೆ. ಎರಡನೆಯದು ಪೆಟ್ರೋಲನ್ನೇ ತಪ್ಪಿಸುವುದು. ಇದರಲ್ಲಿ ಗದ್ದಲ ಕಡಿಮೆ, ಟರ್ಬೊಗೆ ಸಿಗುವ ಉರಿಯೂ ಕಡಿಮೆ. ಮೂರನೆಯದು ಕಿಡಿಯನ್ನು ತಪ್ಪಿಸದೆ ತಡಮಾಡುವುದು. ಸಾಮಾನ್ಯವಾಗಿ ಪಿಸ್ಟನ್ ಮೇಲಕ್ಕೆ ಮುಟ್ಟುವ ಮುಂಚೆಯೇ ಹಾರುವ ಕಿಡಿಯನ್ನು, ಅದು ಕೆಳಗಿಳಿಯಲು ಶುರುಮಾಡಿದ ಮೇಲೆ ಹಾರಿಸುತ್ತಾರೆ. ಉರಿ ಪಿಸ್ಟನ್ನನ್ನು ತಳ್ಳುವುದಕ್ಕಿಂತ ಹೆಚ್ಚಾಗಿ ಎಕ್ಸಾಸ್ಟಿನ ಕಡೆಗೆ ಹೋಗುತ್ತದೆ. ಎಂಜಿನ್ನಿಗೆ ಬಲ ಬರುವುದಿಲ್ಲ, ಟರ್ಬೊಗೆ ಬರುತ್ತದೆ. ಇದನ್ನೇ ಎಲ್ಲೆ ಮೀರಿಸಿದರೆ ರ್‍ಯಾಲಿ ಕಾರುಗಳ ಆ್ಯಂಟಿ-ಲ್ಯಾಗ್ ಆಗುತ್ತದೆ. ಅದರಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ, ಟರ್ಬೊ ಆಯುಸ್ಸು ಒಂದೊಂದೇ ಸ್ಟೇಜಿಗೆ ಕರಗುತ್ತದೆ. ರ್‍ಯಾಲಿ ತಂಡದವರ ಲಾರಿಯಲ್ಲಿ ಇನ್ನೊಂದು ಟರ್ಬೊ ಇರುತ್ತದೆ. ನನ್ನ ಡಿಕ್ಕಿಯಲ್ಲಿರುವುದು ಸ್ಟೆಪ್ನಿ, ಜ್ಯಾಕ್ ಮತ್ತು ಹೆಂಡತಿ ಮರೆಯದೆ ಇಟ್ಟ ಛತ್ರಿ.

ಟೂ-ಸ್ಟೆಪ್, ಅಂದರೆ ನಿಂತ ಕಾರಿಗೆ ಹಾಕುವ ಈ ಆರ್‌ಪಿಎಂ ಕಟ್ಟು, ಹೇಗಿರುತ್ತದೆಂದು ತೋರಿಸಲು ಅಕ್ಕನ ಮಗ ನನ್ನನ್ನು ಊರಾಚೆಯ ಗ್ಯಾರೇಜೊಂದಕ್ಕೆ ಕರೆದುಕೊಂಡು ಹೋದ. ಅಲ್ಲಿ ತಗ್ಗಿಸಿದ ಸಸ್ಪೆನ್ಷನ್ನಿನ ಒಂದು ಬಿಳಿ ಹ್ಯಾಚ್‌ಬ್ಯಾಕ್. ಹುಡುಗನೊಬ್ಬ ಕೂತು ಕ್ಲಚ್ ಒತ್ತಿ, ಬಲಗಾಲನ್ನು ನೆಲಕ್ಕಂಟಿಸಿದ. ಮುಳ್ಳು ಎಗರಿ 4,000ಕ್ಕೆ ಬಂದು ಅಲ್ಲೇ ನಡುಗತೊಡಗಿತು. ಎಕ್ಸಾಸ್ಟ್ ಪೈಪಿನಿಂದ ಪಟಪಟಪಟ ಎಂಬ ಸದ್ದು. ನಡುವೆ ಒಂದೊಂದು ದೊಡ್ಡ ಢಂ. ತುದಿಯಲ್ಲಿ ಕಿತ್ತಳೆ ಬಣ್ಣದ ಜ್ವಾಲೆ ಇಣುಕಿ ಒಳಗೆ ಹೋಯಿತು. ಗ್ಯಾರೇಜಿನ ತಗಡಿನ ಶೀಟು ಅದುರಿತು. ಪಕ್ಕದ ಖಾಲಿ ಸೈಟಿನ ನಾಯಿ ಬೊಗಳಲೂ ಮರೆತು ಓಡಿತು. ನಾನು ಬಗ್ಗಿ ಬೂಸ್ಟ್ ಗೇಜ್ ನೋಡಿದೆ. ಅದರ ಮುಳ್ಳು ಸೊನ್ನೆ ದಾಟಿ ಒಂದು ಗೆರೆ ಮೇಲಕ್ಕೆ ಬಂದು ನಿಂತಿತ್ತು, ಅಷ್ಟೇ. ಸುತ್ತ ನಿಂತಿದ್ದವರೆಲ್ಲ ಫೋನಿನಲ್ಲಿ ಹಿಡಿಯುತ್ತಿದ್ದದ್ದು ಎಕ್ಸಾಸ್ಟ್ ಪೈಪನ್ನು. ಗೇಜಿನ ಕಡೆ ಯಾರೂ ನೋಡುತ್ತಿರಲಿಲ್ಲ.

“ಹೆಂಗೈತೆ ಮಾಮ?” ಎಂದ ಅಕ್ಕನ ಮಗ.

“ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿ?” ಎಂದೆ.

“ಅದನ್ನ ಮೊದಲೇ ತೆಗೆದಿರ್ತಾರೆ. ಇಲ್ಲಾಂದ್ರೆ ಕರಗಿಹೋಗುತ್ತೆ.”

ಕರಗುವುದನ್ನು ಮೊದಲೇ ತೆಗೆದಿಡುವುದು ಜಾಣತನವೇ ಸರಿ. ಆದರೆ ಆ ಹೊತ್ತಿಗೆ ನನಗೆ ವ್ಯಾಪಾರದ ಗುಟ್ಟು ತಿಳಿಯಿತು. ಇಲ್ಲಿ ಮಾರಾಟವಾಗುತ್ತಿರುವುದು ಹೊರಡುವಿಕೆಯಲ್ಲ, ಹೊರಡುವ ಮುನ್ನದ ಅಬ್ಬರ.

ನಮ್ಮ ಮನೆಗಳಿಂದ ನೆಂಟರು ಹೊರಡುವುದನ್ನು ನೋಡಿದವರಿಗೆ ಇದು ಹೊಸದೇನಲ್ಲ. “ಬರ್ತೀವಿ” ಎಂದು ಎದ್ದು ನಿಂತ ಮೇಲೆ ಹಾಲ್‌ನಲ್ಲಿ ಹತ್ತು ನಿಮಿಷ, ಹೊಸ್ತಿಲ ಮೇಲೆ ಹತ್ತು ನಿಮಿಷ. ಕುಂಕುಮ ಕೊಟ್ಟಾದ ಮೇಲೆ ಜ್ಞಾಪಕಕ್ಕೆ ಬಂದ ಮುಖ್ಯ ಸಮಾಚಾರಕ್ಕೆ ಗೇಟಿನ ಬಳಿ ಕಾಲು ಗಂಟೆ, ಅಷ್ಟರಲ್ಲಿ ಆಟೊದವನು ಎರಡು ಸಲ ಹಾರ್ನ್ ಹೊಡೆದಿರುತ್ತಾನೆ. ಇಷ್ಟು ಸಂಭ್ರಮದಿಂದ ಹೊರಟವರು ರಸ್ತೆಯ ತಿರುವಿನಲ್ಲೇ ನಿಂತು, ಮರೆತ ಚೀಲಕ್ಕಾಗಿ ಫೋನ್ ಮಾಡುತ್ತಾರೆ. ಅದೇ ನನ್ನ ಚಿಕ್ಕಪ್ಪನೊಬ್ಬರು ಮಾತಿನ ಮಧ್ಯೆ ಗಡಿಯಾರ ನೋಡಿ ಚಪ್ಪಲಿ ಮೆಟ್ಟಿದರೆಂದರೆ, ನಾವು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸಿನೊಳಗಿರುತ್ತಿದ್ದರು. ಲಾಂಚ್ ಕಂಟ್ರೋಲುಗಳಲ್ಲೂ ಈ ಎರಡು ಬಗೆಯವು ಇವೆ.

ಮಾರುಕಟ್ಟೆಯಲ್ಲಿ ನಾಲ್ಕು ಜನ ನಾಲ್ಕು ಮಾತು ಹೇಳುತ್ತಾರೆ. ಒಬ್ಬ ತಂತಿಗಳನ್ನು ಕತ್ತರಿಸಿ ನಡುವೆ ಒಂದು ಚಿಕ್ಕ ಪೆಟ್ಟಿಗೆ ಸೇರಿಸುತ್ತಾನೆ. ಅದು ಸ್ಪಾರ್ಕ್ ಕಾಯಿಲಿನ ಸಂಕೇತವನ್ನು ತಡೆದು ಕಿಡಿ ತಪ್ಪಿಸುತ್ತದೆ. ಅಗ್ಗ, ಬೇಗ ಮುಗಿಯುವ ಕೆಲಸ. ಆದರೆ ಮೂಲ ಇಸಿಯುಗೆ ಇದರ ಸುದ್ದಿಯೇ ಇರುವುದಿಲ್ಲ. ಅದು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ, ಆಮೇಲೆ ಮಿಸ್‌ಫೈರ್ ಎಂದು ಚೆಕ್ ಎಂಜಿನ್ ದೀಪ ಹಚ್ಚುತ್ತದೆ. ಇನ್ನೊಬ್ಬ ಮೂಲ ಇಸಿಯುವಿನೊಳಗಿನ ಸಾಫ್ಟ್‌ವೇರನ್ನೇ ತಿದ್ದಿ ಅಲ್ಲಿಯೇ ಲಾಂಚ್ ಮಿತಿ ಬರೆಯುತ್ತಾನೆ. ಹೊಸ ಸಾಮಾನಿಲ್ಲ, ಹೊಸ ವೈರಿಂಗೂ ಇಲ್ಲವೆಂದೇ ಹೇಳಬೇಕು. ಎಲ್ಲವೂ ಬರೆಯುವವನ ಕೈಗುಣದ ಮೇಲೆ ನಿಂತಿದೆ. ಮೂರನೆಯವನು ಮೂಲ ಇಸಿಯು ಕಿತ್ತು ಹ್ಯಾಲ್ಟೆಕ್, ಲಿಂಕ್, ಮೋಟೆಕ್ ಥರದ ಸ್ಟ್ಯಾಂಡ್‌ಅಲೋನ್ ಹಾಕಿಸು ಎನ್ನುತ್ತಾನೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಂದ ಬರುವ ಈ ಪೆಟ್ಟಿಗೆಗಳಲ್ಲಿ ಎಷ್ಟು ಕಿಡಿ ತಪ್ಪಿಸಬೇಕು, ಎಷ್ಟು ಡಿಗ್ರಿ ತಡ ಎಂಬುದನ್ನೆಲ್ಲ ಕೋಷ್ಟಕ ಹಾಕಿ ಬರೆಯಬಹುದು. ಆದರೆ ದಿನಬಳಕೆಯ ಕಾರಿನಲ್ಲಿ ಇಮ್ಮೊಬಿಲೈಸರ್, ಮೀಟರ್ ಬೋರ್ಡ್, ಎಸಿ ಎಲ್ಲವೂ ಹಳೆಯ ಇಸಿಯು ಜೊತೆ ಮಾತಾಡಿ ರೂಢಿಯಾದವು. ಹೊಸಬನಿಗೆ ಆ ಭಾಷೆ ಕಲಿಸುವಷ್ಟರಲ್ಲಿ ಬೇಸಿಗೆ ಬಂದಿರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಎಸಿ ಇಲ್ಲದ ಕಾರಿನಲ್ಲಿ ಅತ್ತೆಯವರನ್ನು ಕೂರಿಸಿಕೊಂಡು ಮಂಡ್ಯಕ್ಕೆ ಹೋಗುವವನಿಗೆ ಯಾವ ಲಾಂಚ್ ಕಂಟ್ರೋಲೂ ನೆರವಿಗೆ ಬಾರದು. ನಾಲ್ಕನೆಯವನ ವ್ಯವಸ್ಥೆ ಚಕ್ರಗಳ ವೇಗವನ್ನೇ ಕೇಳಿಸಿಕೊಳ್ಳುತ್ತದೆ. ಎಬಿಎಸ್ ಸೆನ್ಸರುಗಳಿಂದ ಮುಂದಿನ ಚಕ್ರ ಎಷ್ಟು, ಹಿಂದಿನದು ಎಷ್ಟು ತಿರುಗುತ್ತಿದೆ ಎಂದು ಹೋಲಿಸಿ, ಜಾರುವಷ್ಟನ್ನು ಮಾತ್ರ ಕತ್ತರಿಸುತ್ತದೆ. ವಿದ್ಯೆಯ ದೃಷ್ಟಿಯಿಂದ ಇದು ಎಲ್ಲಕ್ಕಿಂತ ಮೇಲು, ಬೆಲೆಯ ದೃಷ್ಟಿಯಿಂದಲೂ.

ವಿದ್ಯೆ ಎಷ್ಟೇ ಮೇಲಾಗಿರಲಿ, ನಿಲ್ಲುವ ಕಡೆ ನಿಂತೇ ನಿಲ್ಲುತ್ತದೆ ಎನ್ನುವುದಕ್ಕೆ ಫಾರ್ಮುಲಾ 1 ಸಾಕ್ಷಿ. 1994ರಲ್ಲಿ ಎಲೆಕ್ಟ್ರಾನಿಕ್ ನೆರವುಗಳನ್ನು ಹೊರಗೆ ಹಾಕಿದ್ದ ಆ ಪಂದ್ಯ, 2001ರ ಸ್ಪ್ಯಾನಿಷ್ ಗ್ರ್ಯಾನ್ ಪ್ರೀಯಿಂದ ಟ್ರ್ಯಾಕ್ಷನ್ ಕಂಟ್ರೋಲನ್ನೂ ಲಾಂಚ್ ಕಂಟ್ರೋಲನ್ನೂ ಮತ್ತೆ ಒಳಗೆ ಬಿಟ್ಟುಕೊಂಡಿತು. ಅದೇ ಸ್ಪೇನಿನಲ್ಲಿ ಡೇವಿಡ್ ಕೂಲ್ತಾರ್ಡ್‌ನ ಮೆಕ್‌ಲಾರೆನ್ ಓಟಕ್ಕೆ ಮುಂಚಿನ ಫಾರ್ಮೇಷನ್ ಲ್ಯಾಪಿಗೇ ಹೊರಡದೆ ನಿಂತಿತು. ಆತ ಎಲ್ಲರ ಹಿಂದಿನಿಂದ ಓಟ ಶುರುಮಾಡಬೇಕಾಯಿತು. ಎರಡು ವಾರ ಕಳೆದು ಆಸ್ಟ್ರಿಯಾದಲ್ಲಿ ದೀಪ ಆರಿದಾಗ ಗ್ರಿಡ್ಡಿನ ಮೇಲೆ ನಾಲ್ಕು ಕಾರುಗಳು ಅಲ್ಲಾಡದೆ ಉಳಿದವು. ಹಾಕಿನೆನ್, ಟ್ರುಲಿ, ಫ್ರೆಂಟ್ಜೆನ್, ಹೈಡ್‌ಫೆಲ್ಡ್, ಎಲ್ಲರೂ ಹೆಸರಾಂತ ಚಾಲಕರೇ. ಲೋಕದ ಅತಿ ದುಬಾರಿ ಕಾರುಗಳು, ಅತಿ ಬುದ್ಧಿವಂತ ಎಂಜಿನಿಯರುಗಳು, ಒಂದು ಗುಂಡಿ. ಉಳಿದವರು ಅಕ್ಕಪಕ್ಕದಿಂದ ನುಸುಳಿಕೊಂಡು ಹೋದರು. 2004ರ ಹೊತ್ತಿಗೆ ಲಾಂಚ್ ಕಂಟ್ರೋಲನ್ನು ಮತ್ತೆ ನಿಷೇಧಿಸಿದರು, ಹೊರಡುವ ಹೊಣೆ ಚಾಲಕನ ಬೆರಳಿಗೆ ಮರಳಿತು.

ಲೋಣಾವಳದ ಆಚೆ ಆಂಬಿ ವ್ಯಾಲಿಯ ಏರ್‌ಸ್ಟ್ರಿಪ್‌ನಲ್ಲಿ ವ್ಯಾಲಿ ರನ್ ಎಂಬ ಡ್ರ್ಯಾಗ್ ಓಟ ನೋಡಲು ಹೋದಾಗ ನನ್ನ ಅನುಮಾನ ಗಟ್ಟಿಯಾಯಿತು. ಡ್ರ್ಯಾಗ್ ಓಟದ ಅಳತೆ ಕಾಲು ಮೈಲಿ, ಅಂದರೆ 402 ಮೀಟರ್. ಬಲ್ಲವರು ಮಾತ್ರ ಮೊದಲ 60 ಅಡಿಯ ಸಮಯವನ್ನೇ ಮೊದಲು ನೋಡುತ್ತಾರೆ. ಅಲ್ಲಿ ಕಳೆದುಕೊಂಡದ್ದನ್ನು ಮುಂದೆ ಸಂಪಾದಿಸುವುದು ಕಷ್ಟ. ಸಾಲಿನಲ್ಲಿ ನಿಂತು ಪಟಪಟ ಸಿಡಿಸಿ ಜನರಿಂದ ಕೇಕೆ ಹಾಕಿಸಿಕೊಂಡ ಎಷ್ಟೋ ಫ್ರಂಟ್ ವೀಲ್ ಡ್ರೈವ್ ಕಾರುಗಳು, ಹಸಿರು ದೀಪ ಬಂದಾಗ ಇದ್ದಲ್ಲೇ ಹೊಗೆಯೆಬ್ಬಿಸಿ ಟೈರು ಸವೆಸಿದವು. ಪಕ್ಕದ ಲೇನಿನಲ್ಲಿ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಅದರಲ್ಲಿ ಲಾಂಚ್ ಕಂಟ್ರೋಲ್ ಕಾರ್ಖಾನೆಯಿಂದಲೇ ಬಂದದ್ದು. ಎಡಗಾಲಲ್ಲಿ ಬ್ರೇಕ್, ಬಲಗಾಲಲ್ಲಿ ಆಕ್ಸಿಲರೇಟರ್, ಎಂಜಿನ್ ಸುಮ್ಮನೆ ಗುಂಯ್‌ಗುಡುತ್ತಿತ್ತು. ಬ್ರೇಕ್ ಬಿಟ್ಟಾಗ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಕ್ಲಚ್ಚನ್ನು ಅಳೆದು ಅಳೆದು ಕಚ್ಚಿಸಿತು, ಟೈರು ಒಮ್ಮೆ ಕಿರ್ ಎಂದಿತು, ಕಾರು ಹೋಯಿತು. ಪ್ರೇಕ್ಷಕರಲ್ಲಿ ಯಾರೂ ಅದಕ್ಕೆ ಕೇಕೆ ಹಾಕಲಿಲ್ಲ.

ಊರಿಗೆ ಬಂದವನೇ ಕಾಗದ ಪೆನ್ನು ತೆಗೆದುಕೊಂಡು ಕೂತೆ. ಲೆಕ್ಕ ಪ್ರೌಢಶಾಲೆಯದೇ. ರೀಮ್ಯಾಪ್ ಆದ ಮೇಲೆ ಎಂಜಿನ್ನಿನ ಟಾರ್ಕ್ ಸುಮಾರು 240 ಎನ್ಎಂ ಎಂದುಕೊಳ್ಳೋಣ. ಮೊದಲ ಗೇರೂ ಫೈನಲ್ ಡ್ರೈವೂ ಸೇರಿ ಅದನ್ನು ಸುಮಾರು 13 ಪಟ್ಟು ಮಾಡುತ್ತವೆ. ಚಕ್ರದ ತ್ರಿಜ್ಯ 30 ಸೆಂ.ಮೀ. ಭಾಗಿಸಿದರೆ ರಸ್ತೆಯನ್ನು ತಳ್ಳಲು ಹೊರಟ ಬಲ ಹತ್ತಿರ ಹತ್ತಿರ ಒಂದು ಟನ್ ತೂಕದಷ್ಟು. ಇನ್ನು ಕಾರನ್ನು ಎಳೆಯುವ ಮುಂದಿನ ಚಕ್ರಗಳ ಹಿಡಿತ. ನಾನೂ ಸೇರಿ ಕಾರು 1,300 ಕೆಜಿ. ಅದರಲ್ಲಿ ಮುಂದಿನ ಚಕ್ರಗಳ ಮೇಲೆ ನಿಂತಾಗ 780 ಕೆಜಿಯ ಆಸುಪಾಸು. ಕಾರು ಚಿಮ್ಮಿದಾಗ ಮೂತಿ ಮೇಲೇಳುತ್ತದೆ, ನೂರು ಕೆಜಿಗೂ ಮಿಕ್ಕಿದ ಭಾರ ಹಿಂದಿನ ಚಕ್ರಗಳಿಗೆ ಸರಿಯುತ್ತದೆ. ಒಳ್ಳೆಯ ರಸ್ತೆಯಲ್ಲಿ ಒಳ್ಳೆಯ ಟೈರು, ಹೊತ್ತ ಭಾರದ ಹತ್ತರಲ್ಲಿ ಒಂಬತ್ತು ಪಾಲಿನಷ್ಟು ಹಿಡಿದೀತು. ಕೂಡಿ ಕಳೆದರೆ ನೆಲಕ್ಕೆ ಇಳಿಯುವುದು 600 ಕೆಜಿಯಷ್ಟು. ಮಿಕ್ಕದ್ದೆಲ್ಲ ರಬ್ಬರಿನ ಹೊಗೆ. ಅಂದರೆ ಇದ್ದ ಬಲವೇ ಮೊದಲ ಗೇರಿನಲ್ಲಿ ಟೈರಿಗೆ ಹೆಚ್ಚಾಗಿತ್ತು. ಅದಕ್ಕೆ ಇನ್ನಷ್ಟು ಬೂಸ್ಟ್ ಕಟ್ಟಿಕೊಡಲು ನಾನು ದುಡ್ಡು ಎಣಿಸುತ್ತಿದ್ದೆ.

ಲೆಕ್ಕವನ್ನು ನಮ್ಮ ಗ್ಯಾರೇಜಿನ ಭಾಯ್ ಮುಂದಿಟ್ಟೆ. ಅವರು ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, ಗ್ರೀಸಿನ ಬೆರಳಿನಿಂದ ಡ್ರೈವ್ ಶಾಫ್ಟ್ ಕಡೆ ತೋರಿಸಿದರು. “ಸಾರ್, ಟೈರ್ ಜಾರಿದ್ರೆ ನಿಮ್ಮ ಪುಣ್ಯ. ಜಾರದೆ ಕಚ್ಕೊಂಡ್ರೆ ಆ ಏಟು ಇಲ್ಲಿಗೆ ಬೀಳುತ್ತೆ. ಇದು ಹೋದ್ರೆ ಸಾಮಾನು ಎಲ್ಲಿಂದ ತರ್ತೀರ?” ಫಿಯಟ್ ಇಟ್ಟುಕೊಂಡವನಿಗೆ ಇದಕ್ಕಿಂತ ಕಟುವಾದ ಮಾತನ್ನು ಯಾರೂ ಹೇಳಲಾರರು. ಕ್ಲಚ್ ಪ್ಲೇಟ್ ಮಾತು ಅವರು ಎತ್ತಲೇ ಇಲ್ಲ. ಅದು ಹೋಗುವುದೇ ಎಂದು ಇಬ್ಬರಿಗೂ ಗೊತ್ತಿತ್ತು.

ಹಾಗಾದರೆ ಲಾಂಚ್ ಕಂಟ್ರೋಲೇ ಬೇಡವೇ? ಬೇಕು, ಆದರೆ ಬೇರೆ ಕೆಲಸಕ್ಕೆ. ಪ್ರತಿ ಸಲವೂ ಅದೇ ಆರ್‌ಪಿಎಂನಲ್ಲಿ ನಿಲ್ಲಿಸಿಕೊಡುವ ಒಂದು ಸ್ಥಿರವಾದ ಕೈ ಇದ್ದರೆ, ಚಾಲಕ ಪೂರ್ತಿ ಗಮನವನ್ನು ಎಡಗಾಲಿಗೆ ಕೊಡಬಹುದು. ಕ್ಲಚ್ಚನ್ನು ಒದ್ದುಬಿಡದೆ, ಅರೆಕ್ಷಣ ಜಾರಿಸುತ್ತ ಕಚ್ಚಿಸುವುದೇ ಮ್ಯಾನುಯಲ್ ಗೇರಿನ ಲಾಂಚಿನಲ್ಲಿ ನಿಜವಾದ ಕಸುಬು. ಹೀಗೆ ಯೋಚಿಸಿದಾಗ ಆಯ್ಕೆ ತಾನಾಗಿ ಸುಲಭವಾಯಿತು. ಮೂಲ ಇಸಿಯುವಿನಲ್ಲೇ ಬರೆಯುವ ಮ್ಯಾಪ್. ಕಿಡಿ ತಪ್ಪಿಸದೆ, ಹಿತವಾಗಿ ತಡಮಾಡಿ ಹಿಡಿಯುವ ಬಗೆ. ಲಾಂಚ್ ಮಿತಿ 3,000ದ ಸುತ್ತಮುತ್ತ. ಮೊದಲ ಗೇರಿನಲ್ಲಿ ಬೂಸ್ಟಿಗೊಂದು ಪ್ರತ್ಯೇಕ ಮಿತಿ, ಎರಡನೆಯದರಿಂದ ಪೂರ್ತಿ. ಎಂಜಿನ್ ಬಿಸಿಯಾಗುವವರೆಗೆ ಕೆಲಸ ಮಾಡಬಾರದು, ಕೆಲವೇ ಸೆಕೆಂಡು ಹಿಡಿದು ತಾನಾಗಿ ಕೈಬಿಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಆನ್-ಆಫ್ ಸ್ವಿಚ್. ಯಾಕೆಂದರೆ ಸರ್ವಿಸಿಗೆ ಕೊಟ್ಟಾಗ ಅಲ್ಲಿನ ಹುಡುಗನ ಕಾಲಿಗೆ ಈ ವಿದ್ಯೆ ಸಿಗಬಾರದು.

ಮ್ಯಾಪ್ ಬರೆಯುವ ಲ್ಯಾಪ್‌ಟಾಪಿನ ಹುಡುಗ ನನ್ನ ಪಟ್ಟಿ ಓದಿ ಮುಖ ಸಪ್ಪಗೆ ಮಾಡಿಕೊಂಡ. “ಸಾರ್, ಇದ್ರಲ್ಲಿ ಸೌಂಡೇ ಬರಲ್ಲ. ಸ್ವಲ್ಪ ಪಾಪ್ಸ್ ಹಾಕ್ಲಾ? ಫ್ರೀಯಾಗೇ ಹಾಕ್ತೀನಿ.” ಪುಕ್ಕಟೆ ಸಿಗುವ ಸದ್ದಿನ ಬೆಲೆ ಬೇರೆ ಕಡೆ ತೆರಬೇಕಾಗುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ನೋಡಿದ್ದೇವೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಮಾಡಿಕೊಟ್ಟದ್ದನ್ನು ಬದಲಿಸುವವರ ಮೇಲೆ ಕಣ್ಣಿಟ್ಟಿದೆ. 189ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವವರಿಗೆ ದಂಡವನ್ನೂ ಸೆರೆಮನೆಯನ್ನೂ ಕಾದಿರಿಸಿದೆ. ಕಲಂಗಳನ್ನು ಬದಿಗಿಟ್ಟರೂ, ರಾತ್ರಿ ಹನ್ನೊಂದಕ್ಕೆ ಏರ್‌ಪೋರ್ಟ್ ರಸ್ತೆಯ ಫ್ಲೈಓವರಿನಲ್ಲಿ ಢಂ ಎನ್ನಿಸಿ ಹೋಗುವವರಿಗೆ, ಕೆಳಗಿನ ಮನೆಯಲ್ಲಿ ಆಗಷ್ಟೇ ಕೂಸನ್ನು ಮಲಗಿಸಿದ ತಾಯಿ ಹಾಕುವ ಶಾಪಕ್ಕೆ ಯಾವ ಇಸಿಯುವೂ ರಕ್ಷಣೆ ಕೊಡದು. ಲಾಂಚ್ ಕಂಟ್ರೋಲಿಗೆ ಜಾಗವಿರುವುದು ಮುಚ್ಚಿದ ಟ್ರ್ಯಾಕಿನಲ್ಲಿ, ಅನುಮತಿ ಪಡೆದ ಏರ್‌ಸ್ಟ್ರಿಪ್ಪಿನಲ್ಲಿ. ಉಳಿದ ಕಡೆ ಸ್ವಿಚ್ ಆಫ್.

ಪಾಪ್ಸ್ ಬೇಡವೆಂದೆ. ಲಾಂಚ್ ಕಂಟ್ರೋಲಿಗೆಂದು ಎತ್ತಿಟ್ಟಿದ್ದರಲ್ಲಿ ಉಳಿದ ದುಡ್ಡಿನಲ್ಲಿ ಮುಂದಿನ ಎರಡು ಚಕ್ರಗಳಿಗೆ ಮೆತ್ತನೆಯ ರಬ್ಬರಿನ ಟೈರು ಬಂದವು. 60 ಅಡಿಯ ಸಮಯವನ್ನು ಸಾಫ್ಟ್‌ವೇರಿಗಿಂತ ಹೆಚ್ಚಾಗಿ ಇಳಿಸಿದ್ದು ಅವೇ. ಅಕ್ಕನ ಮಗನಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. “ಮಾಮ, ಹೊರಗೆ ನಿಂತೋರಿಗೆ ಏನೂ ಗೊತ್ತೇ ಆಗಲ್ಲ” ಎನ್ನುತ್ತಾನೆ. ಈಗ ಅವನೇ ಒಂದು ಸೆಕೆಂಡ್‌ಹ್ಯಾಂಡ್ ಪೋಲೊ ನೋಡಿದ್ದಾನೆ, ಟರ್ಬೊ ಇರುವಂಥದ್ದೇ. ಅದಕ್ಕೆ ಏನು ಹಾಕಿಸಬೇಕೆಂದು ನನ್ನನ್ನೇ ಕೇಳಿದ. ನಾನು ಹೇಳಿದ್ದು ಇಷ್ಟೇ: ಮಾರುವವನು ಬಾನೆಟ್ ತಟ್ಟಿ, ಎಂಜಿನ್ ಶುರುಮಾಡಿ “ಕೇಳಿ ಸಾರ್” ಎಂದರೆ ಆಫ್ ಮಾಡಿಸು. ಆಮೇಲೆ 60 ಅಡಿಯ ಸಮಯ ಕೇಳು. ಅದು ಅವನ ಬಳಿ ಇಲ್ಲದಿದ್ದರೆ, ದುಡ್ಡು ಜೇಬಿನಲ್ಲೇ ಇರಲಿ.